ಬೆನ್ನುನೋವಿನ ಚರಿತ್ರೆಯೂ ನನ್ನದೊಂದು ತಪ್ಪೂ



ಕಳೆದ ಎರಡು ತಿಂಗಳಿಂದ ಈ ಪುಟದಲ್ಲಿ ನಾನು ಏನನ್ನೂ ಬರೆದಿರಲಿಲ್ಲ. "ಮೇಷ್ಟ್ರು ಯಾಕೆ ಸುಮ್ಮನಾಗಿಬಿಟ್ಟರು?" ಎಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ಕಾರಣ ಇಷ್ಟೇ: ಸೊಂಟ ಹಿಡಿದಿತ್ತು. ಮೊದಲು ಸೊಂಟದಲ್ಲಿ ಮಾತ್ರ ಇದ್ದ ನೋವು ಕ್ರಮೇಣ ಎಡ ಪೃಷ್ಠಕ್ಕೆ, ಅಲ್ಲಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ ಇಳಿದು, ಕೊನೆಗೆ ಕಾಲಿನ ಹೆಬ್ಬೆರಳಿನವರೆಗೆ ತನ್ನ ಸಾಮ್ರಾಜ್ಯವನ್ನು ವಿಸ್ತರಿಸಿಕೊಂಡಿತು. ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗದವನು ಲೇಖನ ಬರೆಯುವುದೆಂತು?

ಮನೆಯಲ್ಲಿ ಲಕ್ಕಿಸೊಪ್ಪಿನ ಶಾಖ, ಎಣ್ಣೆಯ ನೀವುವಿಕೆ, ಬಿಸಿನೀರಿನ ಸ್ನಾನ ಎಲ್ಲವೂ ಆದವು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಸಲಹೆ ಕೊಟ್ಟರು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನು ಒದೆಸಿಕೊಳ್ಳಲು ಸಿದ್ಧನಾಗಿದ್ದಾನೆಂದು ಸುದ್ದಿಯಾದರೆ ಸರದಿಯಲ್ಲಿ ಬಂದು ನಿಲ್ಲಬಹುದಾದ ಹಳೆಯ ವಿದ್ಯಾರ್ಥಿಗಳ ಸಂಖ್ಯೆಯನ್ನು ನೆನೆದು ಆ ಚಿಕಿತ್ಸೆಯನ್ನು ಕೈಬಿಟ್ಟೆ.

ಕೊನೆಗೆ ಮಗ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿದ. ವರದಿಯನ್ನು ಓದಿದಾಗ ನನ್ನ ಬೆನ್ನುಮೂಳೆ ಹಂಪಿಯ ಭಗ್ನ ಮಂಟಪದ ಸ್ಥಿತಿಯಲ್ಲಿದೆ ಎನ್ನಿಸಿತು. ಡಿಸ್ಕ್ ಸವೆದಿದೆ, ಉಬ್ಬಿದೆ, ಒಣಗಿದೆ, ಕೀಲುಗಳು ದಪ್ಪವಾಗಿವೆ ಎಂದೆಲ್ಲ ಅದರಲ್ಲಿತ್ತು. ಮೊದಲು ಹೋದ ಕಡೆ ಆ ವರದಿಯನ್ನಷ್ಟೇ ನೋಡಿ, ನನ್ನನ್ನು ಮುಟ್ಟಿಯೂ ನೋಡದೆ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಿ ಎಂದರು. ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬ ವೈದ್ಯೆಯ ಬಳಿಗೆ ಹೋದೆವು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮಗ ಫಿಲ್ಮ್ ತೆಗೆದು ಮುಂದೆ ಹಿಡಿದಾಗ ಆಕೆ ಅದನ್ನು ಮೇಜಿನ ಪಕ್ಕಕ್ಕೆ ಸರಿಸಿ, "ಫಿಲ್ಮ್ ಆಮೇಲೆ ನೋಡೋಣ ಸಾರ್. ಮೊದಲು ನೀವು ಹೇಳಿ" ಎಂದರು.

ಆಮೇಲೆ ಇಪ್ಪತ್ತು ನಿಮಿಷ ಪ್ರಶ್ನೆಗಳೇ. ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ? ಚುಚ್ಚುತ್ತದೆಯೋ, ಉರಿಯುತ್ತದೆಯೋ? ಕೆಮ್ಮಿದರೆ ಹೆಚ್ಚುವುದೇ? ರಾತ್ರಿ ನಿದ್ದೆಯಿಂದ ಎಬ್ಬಿಸುವುದೇ? ಮೂತ್ರ ಸಲೀಸಾಗಿ ಆಗುತ್ತದೆಯೇ? ಬೆಳಿಗ್ಗೆ ಎದ್ದಾಗ ಹೆಚ್ಚೋ, ಓಡಾಡಿದ ಮೇಲೆ ಹೆಚ್ಚೋ? ಈ ಕೊನೆಯ ಪ್ರಶ್ನೆಯನ್ನು ಕೇಳಿದಾಗ ನನಗೆ ಥಟ್ಟನೆ ಒಬ್ಬ ಹುಡುಗನ ನೆನಪಾಗಿ ಉತ್ತರಿಸುವುದನ್ನೇ ಮರೆತೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಈ ಲೇಖನ ಬರೆಯುವುದಕ್ಕೆ ನಿಜವಾದ ಕಾರಣ ಅದೇ.

ಪ್ರಶ್ನೆಗಳು ಮುಗಿದ ಮೇಲೆ ಆಕೆ ನನ್ನನ್ನು ಮಲಗಿಸಿ, ಮಂಡಿ ಮಡಿಸಗೊಡದೆ ಎಡಗಾಲನ್ನು ಮೆಲ್ಲನೆ ಮೇಲೆತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಮಿಂಚು ಹೊಡೆದಂತಾಗಿ ಕೂಗಿಕೊಂಡೆ. "ಸಿಕ್ಕಿತು" ಎಂದರು. ಹಿಮ್ಮಡಿಯ ಮೇಲೆ ನಡೆಸಿ, ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಕಾಲಿನ ಬಲ ಕುಂದಿಲ್ಲವೆಂಬುದನ್ನು ಖಚಿತಪಡಿಸಿಕೊಂಡರು. ಆಮೇಲೆ ಫಿಲ್ಮ್ ನೋಡಿದರು. ಆರು ವಾರ ಕಾಯೋಣ, ನಡೆಯುವುದನ್ನು ಬಿಡಬೇಡಿ ಎಂದು ಒಂದೆರಡು ಮಾತ್ರೆ, ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ಈಗ ನೋವು ಮುಕ್ಕಾಲು ಪಾಲು ಇಳಿದಿದೆ.

ಕಾಲನ್ನು ಎತ್ತಿ ನೋಡುವ ಈ ಉಪಾಯ ಮೊದಲು ಹೊಳೆದದ್ದು ಯಾರಿಗೆ? ಚರಿತ್ರೆಯ ಮೇಷ್ಟ್ರ ಚಪಲ ಬಿಡಬೇಕಲ್ಲ. ಹಾಸಿಗೆಯ ಮೇಲೆ ಮಲಗಿಕೊಂಡೇ ಓದತೊಡಗಿದೆ.

ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಈ ವ್ಯಾಧಿಗೆ 'ಗೃಧ್ರಸೀ' ಎಂಬ ಹೆಸರಿದೆ. ಗೃಧ್ರ ಎಂದರೆ ರಣಹದ್ದು. ಕಾಲೆಳೆಯುತ್ತ ಓಲಾಡುತ್ತ ನಡೆಯುವ ರೋಗಿಯ ನಡಿಗೆ ರಣಹದ್ದಿನ ನಡಿಗೆಯಂತಿರುವುದರಿಂದ ಆ ಹೆಸರು ಬಂದಿತೆಂದು ಪಂಡಿತರು ವಿವರಿಸುತ್ತಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳ ಅಧ್ಯಾಯವಿದೆ. ನೋವು ಪೃಷ್ಠದಿಂದ ಹೊರಟು ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದಗಳಿಗೆ ಅನುಕ್ರಮವಾಗಿ ಇಳಿಯುವುದನ್ನು ಅಲ್ಲಿ ಗುರುತಿಸಲಾಗಿದೆ. ಸುಶ್ರುತಸಂಹಿತೆಯಾದರೋ ಕಾಲನ್ನು ಮೇಲೆತ್ತಲಾಗದಂತೆ ತಡೆಯುವುದೇ ಇದರ ಲಕ್ಷಣ ಎನ್ನುತ್ತದೆ. ವೈದ್ಯೆ ನನ್ನ ಕಾಲನ್ನೆತ್ತಿ ಕಂಡುಕೊಂಡದ್ದೂ ಅದನ್ನೇ ಅಲ್ಲವೇ? ಹಾಗೆಂದು ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದಲ್ಲ. ಅವರು ಲಕ್ಷಣವನ್ನು ಕಂಡರು. ಕಾರಣವನ್ನು ವಾತದಲ್ಲಿ ಹುಡುಕಿದರು. ಆದರೆ ರೋಗಿಯ ಮಾತನ್ನು ಅವರು ಗಮನವಿಟ್ಟು ಕೇಳಿದ್ದರು ಎಂಬುದರಲ್ಲಿ ಸಂದೇಹವಿಲ್ಲ.

ಪ್ರಾಚೀನ ಗ್ರೀಕರು ಇದನ್ನು 'ಇಶ್ಚಿಯಾಸ್' ಎಂದರು, ಅಂದರೆ ಸೊಂಟದ ಕೀಲಿನ ನೋವು. ಇಂದಿನ 'ಸಯಾಟಿಕಾ' ಎಂಬ ಮಾತಿನ ಮೂಲ ಅಲ್ಲಿದೆ. ಕೀಲಿನಿಂದ ಹುಟ್ಟುವ ನೋವನ್ನೂ ನರದಿಂದ ಹುಟ್ಟುವ ನೋವನ್ನೂ ಅವರು ಒಂದೇ ಹೆಸರಿನಲ್ಲಿ ಸೇರಿಸಿದ್ದರು. ಇವೆರಡನ್ನು ಸ್ಪಷ್ಟವಾಗಿ ಬೇರ್ಪಡಿಸಿದವನು ಇಟಲಿಯ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ. 1764ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಅವನು ನರಮೂಲದ ಸಯಾಟಿಕಾವೇ ಬೇರೆ, ಕೀಲಿನ ನೋವೇ ಬೇರೆ ಎಂದು ತೋರಿಸಿಕೊಟ್ಟ. ಬೆನ್ನುಹುರಿಯ ಸುತ್ತ ಇರುವ ದ್ರವವನ್ನು ಆತ ವರ್ಣಿಸಿದ್ದೂ ಅದೇ ಗ್ರಂಥದಲ್ಲಿ.

ಇನ್ನು ಕಾಲೆತ್ತುವ ಪರೀಕ್ಷೆ. ವೈದ್ಯಕೀಯ ಪುಸ್ತಕಗಳು ಇದನ್ನು ಫ್ರಾನ್ಸಿನ ಲಸೇಗ್ ಎಂಬ ವೈದ್ಯನ ಹೆಸರಿನಿಂದ ಕರೆಯುತ್ತವೆ. ಸ್ವಾರಸ್ಯವೇನೆಂದರೆ, ಲಸೇಗ್ 1864ರಲ್ಲಿ ಸಯಾಟಿಕಾ ಕುರಿತು ಬರೆದ ಲೇಖನದಲ್ಲಿ ಈ ಪರೀಕ್ಷೆಯ ಪ್ರಸ್ತಾಪವೇ ಇಲ್ಲ. ಅವನ ಶಿಷ್ಯ ಫೋರ್ಸ್ಟ್ 1881ರಲ್ಲಿ ತನ್ನ ಪ್ರಬಂಧದಲ್ಲಿ ಪರೀಕ್ಷೆಯನ್ನು ವಿವರಿಸಿ, ಕೀರ್ತಿಯನ್ನು ಗುರುವಿಗೆ ಅರ್ಪಿಸಿದ. (ಇಂಥ ಶಿಷ್ಯರು ಎಲ್ಲ ಮೇಷ್ಟ್ರುಗಳಿಗೂ ದೊರೆಯಲಿ!) ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1880ರಲ್ಲಿ, ಬೆಲ್‌ಗ್ರೇಡ್ ನಗರದ ವೈದ್ಯ ಲಾಜಾ ಲಜಾರೆವಿಚ್ ಸರ್ಬಿಯನ್ ಭಾಷೆಯಲ್ಲಿ ಅದೇ ಪರೀಕ್ಷೆಯನ್ನು ಪ್ರಕಟಿಸಿದ್ದ. ಸ್ನಾಯು ನರವನ್ನು ಒತ್ತುವುದರಿಂದ ನೋವಾಗುತ್ತದೆಂದು ಫ್ರೆಂಚರು ತಿಳಿದಿದ್ದರೆ, ಕಾಲನ್ನೆತ್ತಿದಾಗ ನರವೇ ಜಗ್ಗುತ್ತದೆ ಎಂಬ ಸರಿಯಾದ ಕಾರಣವನ್ನು ಕೊಟ್ಟವನು ಇವನು. ಸಣ್ಣ ಭಾಷೆಯಲ್ಲಿ ಬರೆದುದರಿಂದ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. 1884ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಮೇಲೆಯೇ ಲೋಕಕ್ಕೆ ತಿಳಿಯಿತು. ಕನ್ನಡದಲ್ಲಿ ಬರೆಯುವ ನಮಗೆ ಈ ಕಷ್ಟ ಅರ್ಥವಾಗುತ್ತದೆ. ಈ ಲಜಾರೆವಿಚ್ ಸರ್ಬಿಯನ್ ಸಾಹಿತ್ಯದ ಪ್ರಮುಖ ಸಣ್ಣಕತೆಗಾರನೂ ಹೌದು. ನಲವತ್ತು ತುಂಬುವ ಮೊದಲೇ ತೀರಿಕೊಂಡ. ಜನರ ಮಾತಿಗೆ ಕಿವಿಗೊಡುವ ಕತೆಗಾರನೇ ರೋಗಿಯ ನೋವಿನ ದಾರಿಯನ್ನೂ ಸರಿಯಾಗಿ ಓದಿದ್ದು ಆಕಸ್ಮಿಕವಾಗಿರಲಾರದು ಎಂದು ನನಗೆ ತೋರುತ್ತದೆ.

ಅಲ್ಲಿಂದ ಮುಂದೆ ಕಿವಿಯ ಕಾಲ ಹಿಂದೆ ಸರಿದು ಕಣ್ಣಿನ ಕಾಲ ಬಂದಿತು. 1895ರಲ್ಲಿ ರಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ. ಬದುಕಿರುವ ಮನುಷ್ಯನ ಮೂಳೆಗಳು ಮೊದಲ ಬಾರಿಗೆ ಕಾಣಿಸಿದವು. ಆದರೆ ಬೆನ್ನೆಲುಬಿನ ಮಣಿಗಳ ನಡುವೆ ಗಾದಿಯಂತೆ ಕುಳಿತಿರುವ ಡಿಸ್ಕ್ ಮೂಳೆಯಲ್ಲವಾದ್ದರಿಂದ ಆ ಚಿತ್ರಗಳಲ್ಲಿ ಕಾಣಿಸುತ್ತಿರಲಿಲ್ಲ. ಬೆನ್ನುಹುರಿಯ ಕಾಲುವೆಯಲ್ಲಿ ದೊರೆಯುತ್ತಿದ್ದ ಮೆತ್ತನೆಯ ತುಣುಕುಗಳನ್ನು ಶಸ್ತ್ರವೈದ್ಯರು ಗೆಡ್ಡೆಗಳೆಂದೇ ಭಾವಿಸಿ ತೆಗೆಯುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು ಆ ತುಣುಕುಗಳನ್ನು ಪರಿಶೀಲಿಸಿ, ಇವು ಗೆಡ್ಡೆಗಳಲ್ಲ, ಬಿರಿದು ಹೊರಬಂದ ಡಿಸ್ಕಿನ ಭಾಗಗಳು ಎಂದು ಸಾರಿದರು. ಅವರ ಲೇಖನ ಪ್ರಕಟವಾದದ್ದು 1934ರಲ್ಲಿ. ಸಯಾಟಿಕಾಕ್ಕೆ ಕಣ್ಣಿಗೆ ಕಾಣುವ, ಕೈಗೆ ಸಿಗುವ, ಕತ್ತರಿಸಿ ತೆಗೆಯಬಹುದಾದ ಒಂದು ಕಾರಣ ದೊರೆಯಿತು.

ಇದು ದೊಡ್ಡ ಸಾಧನೆಯೇ. ಕಾಲಿನ ಬಲ ಉಡುಗಿ ಹೋಗುತ್ತಿದ್ದ ಎಷ್ಟೋ ಜನರನ್ನು ಈ ಶಸ್ತ್ರಚಿಕಿತ್ಸೆ ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಹೊಸದಾಗಿ ಸಿಂಹಾಸನವೇರಿದ ಅರಸನಂತೆ ಡಿಸ್ಕ್ ತನ್ನದಲ್ಲದ ರಾಜ್ಯಗಳಿಗೂ ನುಗ್ಗಿತು. ಯಾವ ಬೆನ್ನುನೋವು ಬಂದರೂ ಅಪರಾಧಿ ಡಿಸ್ಕೇ ಎಂಬ ನಂಬಿಕೆ ಬೆಳೆಯಿತು. ಇನ್ನೊಂದು ಕಡೆ ವಿಶ್ರಾಂತಿಯೇ ಪರಮೌಷಧ ಎಂಬ ವಿಕ್ಟೋರಿಯಾ ಕಾಲದ ನಂಬಿಕೆ ಮುಂದುವರಿದಿತ್ತು. ಗಟ್ಟಿ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸಲ್ಪಟ್ಟ ಹಿರಿಯರನ್ನು ನಿಮ್ಮ ಮನೆಗಳಲ್ಲಿಯೂ ನೀವು ಕಂಡಿರಬಹುದು.

ಈ ಎರಡು ನಂಬಿಕೆಗಳನ್ನೂ ಅಳೆದು ನೋಡಿದ್ದು 20ನೆಯ ಶತಮಾನದ ಕೊನೆಯಲ್ಲಿ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ಮಂದಿ ನೌಕರರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರಿಗೂ ಹೊಸದಾಗಿ ಸೊಂಟನೋವು ಬಂದಿತ್ತು. ಒಂದು ಗುಂಪನ್ನು ಎರಡು ದಿನ ಹಾಸಿಗೆಯಲ್ಲಿರಿಸಿದರು, ಇನ್ನೊಂದಕ್ಕೆ ವ್ಯಾಯಾಮ ಮಾಡಿಸಿದರು, ಮೂರನೆಯ ಗುಂಪಿಗೆ ಸಹಿಸಬಹುದಾದಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿರಿ ಎಂದಷ್ಟೇ ಹೇಳಿದರು. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಎಲ್ಲರಿಗಿಂತ ನಿಧಾನವಾದವರು ಮಲಗಿದವರು.

ಡಿಸ್ಕಿನ ವಿಷಯಕ್ಕೆ ಬಂದರೆ, ಎಂ.ಆರ್.ಐ. ಯಂತ್ರ ಬಳಕೆಗೆ ಬಂದ ಮೇಲೆ ಅದೂ ಕಣ್ಣಿಗೆ ಕಾಣುವಂತಾಯಿತು. ಆಗ ಕೆಲವರಿಗೆ ಒಂದು ವಿವೇಕದ ಪ್ರಶ್ನೆ ಹೊಳೆಯಿತು: ನೋವಿಲ್ಲದವರ ಬೆನ್ನು ಹೇಗಿರುತ್ತದೆ? 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರಗಳನ್ನು ನೋಡಿದ ಅಧ್ಯಯನ ಪ್ರಕಟವಾಯಿತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡ 36 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಲೆಕ್ಕ ಹಾಕಿದರು. ಇಪ್ಪತ್ತು ವರ್ಷದವರಲ್ಲಿಯೇ ಶೇಕಡ 37 ಮಂದಿಗೆ ಡಿಸ್ಕ್ ಸವೆತ ಇತ್ತು. ಎಂಬತ್ತರ ವಯಸ್ಸಿನವರಲ್ಲಿ ಶೇಕಡ 96 ಮಂದಿಗೆ. ಅಂದರೆ ನನ್ನನ್ನು ಹೆದರಿಸಿದ ಆ ವರದಿಯ ಅರ್ಧದಷ್ಟು ಮಾತುಗಳು ತಲೆಯ ನರೆಕೂದಲಿನ ವರ್ಣನೆಗೆ ಸಮ! ಚಿತ್ರ ಸುಳ್ಳು ಹೇಳುವುದಿಲ್ಲ. ಆದರೆ ಅದು ನೋವಿನ ಚಿತ್ರವಲ್ಲ. ಚಿತ್ರದಲ್ಲಿ ಕಂಡದ್ದೂ ರೋಗಿ ಹೇಳಿದ್ದೂ ಪರೀಕ್ಷೆಯಲ್ಲಿ ಸಿಕ್ಕಿದ್ದೂ ಒಂದಕ್ಕೊಂದು ಹೊಂದಿದಾಗ ಮಾತ್ರ ಅದಕ್ಕೆ ಸಾಕ್ಷಿಯ ಬೆಲೆ.

ಹಾಗಾದರೆ ನೋವು ಎಂದರೇನು? 17ನೆಯ ಶತಮಾನದ ತತ್ತ್ವಜ್ಞಾನಿ ಡೆಕಾರ್ಟ್ ಅದನ್ನು ಗಂಟೆಯ ಹಗ್ಗಕ್ಕೆ ಹೋಲಿಸಿದ. ಪಾದಕ್ಕೆ ಬೆಂಕಿ ತಗುಲಿದರೆ ಹಗ್ಗ ಜಗ್ಗಿ ತಲೆಯಲ್ಲಿ ಗಂಟೆ ಬಾರಿಸುತ್ತದೆ. ಹಗ್ಗ ಎಷ್ಟು ಜಗ್ಗಿದರೆ ಅಷ್ಟು ಸದ್ದು. ಮುನ್ನೂರು ವರ್ಷ ಈ ಚಿತ್ರವೇ ವೈದ್ಯರ ಮನಸ್ಸಿನಲ್ಲಿತ್ತು. ಆದರೆ ಯುದ್ಧಭೂಮಿಗಳು ಬೇರೆಯೇ ಕತೆ ಹೇಳಿದವು. ಅಮೆರಿಕದ ಅಂತರ್ಯುದ್ಧದಲ್ಲಿ ನರಗಳಿಗೆ ಗುಂಡು ತಗುಲಿದ ಸೈನಿಕರನ್ನು ವೈರ್ ಮಿಚೆಲ್ ಎಂಬ ವೈದ್ಯ ನೋಡಿಕೊಳ್ಳುತ್ತಿದ್ದ. ಗಾಯ ಮಾಯ್ದು ತಿಂಗಳುಗಳಾದರೂ ಅವರ ಕೈಕಾಲು ಬೆಂಕಿಯಂತೆ ಉರಿಯುತ್ತಿದ್ದವು. ಕೆಲವರು ಬೂಟಿನೊಳಗೆ ನೀರು ಸುರಿದುಕೊಂಡು ನಡೆಯುತ್ತಿದ್ದರು. ಇಲ್ಲಿ ಗಾಯವಿಲ್ಲ, ನೋವಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಬೀಚರ್ ಎಂಬ ವೈದ್ಯ ಇದಕ್ಕೆ ವಿರುದ್ಧವಾದುದನ್ನು ಕಂಡ. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಮುಕ್ಕಾಲು ಪಾಲು ಜನ ನೋವಿನ ಔಷಧ ಬೇಡವೆಂದರು. ಜೀವಸಹಿತ ರಣರಂಗದಿಂದ ಹೊರಬಂದೆವು ಎಂಬ ನೆಮ್ಮದಿಯೂ ಅದಕ್ಕೊಂದು ಕಾರಣವೆಂದು ಆತ ಊಹಿಸಿದ. ಇಲ್ಲಿ ಗಾಯವಿದೆ, ನೋವಿಲ್ಲ.

ಈ ಒಗಟಿಗೆ 1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಒಂದು ಉತ್ತರ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆಯಿದೆ. ನೋವಿನ ಸಂದೇಶ ಅದನ್ನು ದಾಟಿ ಹೋಗಬೇಕು. ಸ್ಪರ್ಶವೂ ಮಿದುಳಿನಿಂದ ಇಳಿದು ಬರುವ ಅಪ್ಪಣೆಗಳೂ ಆ ಬಾಗಿಲನ್ನು ಕಿರಿದಾಗಿಸಬಲ್ಲವು, ಅಗಲವಾಗಿಸಲೂ ಬಲ್ಲವು ಎಂದರು. ಬಿದ್ದ ಮಗುವಿನ ಮಂಡಿಯನ್ನು ತಾಯಿ ಉಜ್ಜಿದರೆ ನೋವು ಕಡಿಮೆಯಾಗುವುದೇಕೆ ಎಂಬುದಕ್ಕೆ ವಿಜ್ಞಾನದ ವಿವರಣೆ ದೊರೆಯಿತು. ಆ ಸಿದ್ಧಾಂತದ ಕೆಲವು ವಿವರಗಳು ಆಮೇಲೆ ತಿದ್ದುಪಡಿಯಾದವು. ಆದರೆ ಅದರ ತಿರುಳು ಉಳಿಯಿತು: ಬಹುಕಾಲದ ನೋವು ಬರಿಯ ಗಾಯದ ಪ್ರತಿಧ್ವನಿಯಲ್ಲ, ನರವ್ಯೂಹವೇ ನೋವನ್ನು ಕಲಿತುಬಿಡಬಹುದು. 'ಚಿತ್ರದಲ್ಲಿ ಏನೂ ಇಲ್ಲ, ಆದ್ದರಿಂದ ನಿಮಗೆ ನೋವಿಲ್ಲ' ಎನ್ನುವ ಹಕ್ಕು ಅಂದಿನಿಂದ ಯಾವ ವೈದ್ಯನಿಗೂ ಉಳಿಯಲಿಲ್ಲ.

ಮೆಲ್ಜಾಕ್ ಇನ್ನೊಂದು ಕೆಲಸ ಮಾಡಿದ. ಭಾಷೆಯನ್ನು ಪ್ರೀತಿಸುವ ನನಗೆ ಅದೇ ಹೆಚ್ಚು ಪ್ರಿಯ. ರೋಗಿಗಳು ತಮ್ಮ ನೋವನ್ನು ಹೇಳಲು ಬಳಸುವ ಮಾತುಗಳನ್ನು ಕಲೆಹಾಕಿ, 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿ, 1975ರಲ್ಲಿ ಒಂದು ಪ್ರಶ್ನಾವಳಿಯಾಗಿ ಪ್ರಕಟಿಸಿದ. ರೋಗಿಯ ಮಾತು ಬರಿಯ ಗೊಣಗಾಟವಲ್ಲ, ರೋಗನಿರ್ಣಯದ ಸಾಧನ ಎಂಬುದು ಇದರ ಅರ್ಥ. ನಮ್ಮ ಕನ್ನಡದಲ್ಲಿ ಇಂಥ ಪದಗಳಿಗೇನು ಬಡತನ! ಚುಚ್ಚು, ಇರಿತ, ಸೆಳೆತ, ಸಿಡಿತ, ಹಿಡಿತ, ಉರಿ, ಜೋಮು, ಜುಮುಜುಮು, ಕಿತ್ತು ತಿನ್ನುವ ನೋವು, ಕರೆಂಟು ಹೊಡೆದಂಥ ನೋವು. ನಮ್ಮ ಅಜ್ಜಿಯಂದಿರು ಇವುಗಳಲ್ಲಿ ಯಾವುದನ್ನೂ ಸುಮ್ಮನೆ ಬಳಸುತ್ತಿರಲಿಲ್ಲ. ಉರಿ, ಜೋಮು, ಕರೆಂಟು ಎಂಬ ಮಾತು ಬಂದರೆ ವೈದ್ಯರ ಗಮನ ನರದ ಕಡೆಗೆ ಹರಿಯುತ್ತದೆ. ಅದಕ್ಕೆ ಸಾಮಾನ್ಯ ನೋವಿನ ಮಾತ್ರೆ ಹೆಚ್ಚು ಉಪಯೋಗವಿಲ್ಲ. ಅಪಸ್ಮಾರಕ್ಕೂ ಖಿನ್ನತೆಗೂ ಕೊಡುತ್ತಿದ್ದ ಕೆಲವು ಔಷಧಗಳು ಅದನ್ನು ಶಮನಗೊಳಿಸುತ್ತವೆಂದು 20ನೆಯ ಶತಮಾನದ ಉತ್ತರಾರ್ಧದಲ್ಲಿ ತಿಳಿದುಬಂದಿತು. ನಡೆದಷ್ಟೂ ಹೆಚ್ಚಾಗಿ, ಕೂತರೆ ಇಳಿಯುವ ಮಂಡಿನೋವು ಸಾಮಾನ್ಯವಾಗಿ ಕೀಲಿನ ಸವೆತದ್ದು. ಇನ್ನು ಬೆಳಗಿನ ಜಾವ ಹಿಡಿದುಕೊಂಡು, ಓಡಾಡಿದಂತೆಲ್ಲ ಬಿಟ್ಟುಕೊಳ್ಳುವ ನೋವು ಮೂರನೆಯ ಬಗೆಯದು. ಅದು ಉರಿಯೂತದ ಗುರುತು.

ಈಗ ಆ ಹುಡುಗನ ಕತೆ.

1994-95ನೆಯ ಸಾಲಿನಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬುದ್ಧಿವಂತ. ಆದರೆ ಬೆಳಗಿನ ಪ್ರಾರ್ಥನೆಗೆ ದಿನವೂ ತಡ. ಬಂದರೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿ ನಿಲ್ಲುತ್ತಿದ್ದ. ಕೇಳಿದರೆ "ಬೆನ್ನು ಹಿಡ್ಕೊಂಡಿದೆ ಸಾರ್" ಎನ್ನುತ್ತಿದ್ದ. ಮೊದಲೊಂದೆರಡು ಸಲ ನಂಬಿದೆ. ಒಂದು ದಿನ ಸಂಜೆ ನೋಡುತ್ತೇನೆ, ಅದೇ ಹುಡುಗ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದಾನೆ! ನನಗೆ ರೇಗಿಹೋಯಿತು. ಬೆಳಿಗ್ಗೆ ಬೆನ್ನುನೋವು, ಸಂಜೆ ಕಬಡ್ಡಿ. ಮರುದಿನ ಇಡೀ ತರಗತಿಯ ಮುಂದೆ ಅವನನ್ನು ನಿಲ್ಲಿಸಿ, "ಬನ್ನಿ ಅಜ್ಜಯ್ಯ, ಕೋಲು ತಂದುಕೊಡಲೇ?" ಎಂದೆ. ತರಗತಿ ನಕ್ಕಿತು. ಆ ವರ್ಷವೆಲ್ಲ ಅವನ ಹೆಸರು ಅಜ್ಜಯ್ಯ ಎಂದೇ ಆಯಿತು. ತಡವಾಗಿ ಬಂದ ದಿನಗಳಲ್ಲಿ ಮೊದಲನೆಯ ಪಿರಿಯಡ್ ಪೂರ್ತಿ ಗೋಡೆಯ ಪಕ್ಕದಲ್ಲಿ ನಿಲ್ಲಿಸಿದ್ದೂ ಉಂಟು. ನಿಮ್ಮಲ್ಲಿ ಆ ತಂಡದವರಿಗೆ ನೆನಪಿರಬಹುದು.

2019ರಲ್ಲಿ ಆ ತಂಡದವರು ಗುರುವಂದನಾ ಕಾರ್ಯಕ್ರಮ ಏರ್ಪಡಿಸಿದ್ದರು. ಎಲ್ಲರೂ ಬಂದು ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ಅವನು ಎದುರಿಗೆ ಬಂದು ನೆಟ್ಟಗೆ ನಿಂತು ಕೈ ಮುಗಿದ. "ಸಾರ್, ಬಗ್ಗೋಕೆ ಆಗಲ್ಲ, ತಪ್ಪು ತಿಳ್ಕೋಬೇಡಿ" ಎಂದ. ಪಕ್ಕದವರು ಕರೆದಾಗ ಕತ್ತು ಹೊರಳಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡಿದ. ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿವೆ ಎಂದೂ ರೋಗಕ್ಕೆ 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್' ಎಂದು ಹೆಸರೆಂದೂ ಹೇಳಿದ. ರೋಗ ಯಾವುದೆಂದು ಗೊತ್ತಾಗುವ ಹೊತ್ತಿಗೆ ಅವನಿಗೆ ಇಪ್ಪತ್ತೆಂಟು ವರ್ಷವಾಗಿತ್ತಂತೆ. ಅಯ್ಯೋ ಪಾಪ ಎಂದುಕೊಂಡೆ. ಅಷ್ಟೇ. ನನಗೂ ಅದಕ್ಕೂ ಸಂಬಂಧವಿದೆ ಎಂದು ಅಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಮೊನ್ನೆ, ವೈದ್ಯೆ ಆ ಪ್ರಶ್ನೆ ಕೇಳಿದಾಗ. ಬೆಳಿಗ್ಗೆ ಹಿಡಿದುಕೊಳ್ಳುವುದು, ವಿಶ್ರಾಂತಿಯಿಂದ ಹೆಚ್ಚುವುದು, ಓಡಾಡಿದರೆ ಇಳಿಯುವುದು, ಹರೆಯದಲ್ಲಿ ನಿಧಾನವಾಗಿ ಶುರುವಾಗುವುದು, ಇವೇ ಆ ರೋಗದ ಮೊದಲ ಗುರುತುಗಳು. ಅವನು ಸುಳ್ಳು ಹೇಳುತ್ತಿದ್ದಾನೆಂಬುದಕ್ಕೆ ನಾನು ಹಿಡಿದ ಸಾಕ್ಷಿಯೇ, ಆ ಸಂಜೆಯ ಕಬಡ್ಡಿಯೇ, ಅವನು ನಿಜ ಹೇಳುತ್ತಿದ್ದನೆಂಬುದಕ್ಕೆ ಸಾಕ್ಷಿಯಾಗಿತ್ತು.

ಈ ರೋಗದ ಚರಿತ್ರೆಯನ್ನೂ ಓದಿದೆ. ಬರ್ನಾರ್ಡ್ ಕಾನರ್ ಎಂಬ ಐರಿಷ್ ವೈದ್ಯ 1690ರ ದಶಕದಲ್ಲಿಯೇ ಬೆನ್ನುಮೂಳೆಗಳೆಲ್ಲ ಬೆಸೆದುಕೊಂಡ ಒಂದು ಅಸ್ಥಿಪಂಜರವನ್ನು ವರ್ಣಿಸಿದ್ದಾನೆ. 1890ರ ದಶಕದಲ್ಲಿ ರಷ್ಯದ ಬೆಖ್ತೆರೆವ್, ಜರ್ಮನಿಯ ಸ್ಟ್ರುಂಪೆಲ್, ಫ್ರಾನ್ಸಿನ ಪಿಯೇರ್ ಮರೀ ಎಂಬ ಮೂವರು ವೈದ್ಯರು ಜೀವಂತ ರೋಗಿಗಳಲ್ಲಿ ಇದನ್ನು ವಿವರಿಸಿದರು. ಚಿಕಿತ್ಸೆಯ ದಾರಿ ಮಾತ್ರ ಕಷ್ಟದ್ದಾಗಿತ್ತು. ಬ್ರಿಟನ್ನಿನಲ್ಲಿ ಈ ರೋಗಿಗಳ ಬೆನ್ನಿಗೆ ಕ್ಷ-ಕಿರಣ ಹಾಯಿಸುತ್ತಿದ್ದರು, ನೋವೇನೋ ಇಳಿಯುತ್ತಿತ್ತು. ಹಾಗೆ ಚಿಕಿತ್ಸೆ ಪಡೆದ 13 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ತೆಗೆದು ನೋಡಿದಾಗ, ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿದ್ದುದು 1957ರಲ್ಲಿ ಬಯಲಾಯಿತು. 1973ರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ನಂಟಿರುವುದು ಗೊತ್ತಾಯಿತು. ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ ಉರಿಯೂತವನ್ನು ಬುಡದಲ್ಲಿಯೇ ತಡೆಯುವ ಹೊಸ ಬಗೆಯ ಔಷಧವನ್ನು ಸಂಧಿವಾತದ ರೋಗಿಗಳಿಗೆ ಕೊಟ್ಟು ಯಶಸ್ವಿಯಾದರು. ಆ ಜಾತಿಯ ಔಷಧಗಳು ಮುಂದೆ ಈ ಬೆನ್ನುರೋಗಕ್ಕೂ ಬಂದವು. ಆದರೆ ಬೆಸೆದುಹೋದ ಮೂಳೆಯನ್ನು ಅವು ಬಿಡಿಸಲಾರವು. ಬೇಗ ಗುರುತಿಸಬೇಕು. ಇಂದಿಗೂ ಈ ರೋಗ ಪತ್ತೆಯಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದಂತೆ. ಆ ವರ್ಷಗಳಲ್ಲಿ ರೋಗಿಯನ್ನು 'ಸೋಮಾರಿ' ಎನ್ನುವ ನನ್ನಂಥವರು ಎಷ್ಟು ಜನರೋ!

1995ರಲ್ಲಿ ನಾನು ಈ ರೋಗದ ಹೆಸರನ್ನೂ ಕೇಳಿರಲಿಲ್ಲ, ನಿಜ. ನಾನು ವೈದ್ಯನಲ್ಲ ಎಂಬುದೂ ನಿಜ. ಆದರೆ ಮಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಅವನ ತಂದೆಗೆ ಹೇಳಲು ವೈದ್ಯಶಾಸ್ತ್ರ ಓದಬೇಕಿರಲಿಲ್ಲ. ಮಕ್ಕಳ ಮನಸ್ಸನ್ನು ಅರಿಯಿರಿ ಎಂದು ಬಿ.ಎಡ್. ತರಗತಿಯಲ್ಲಿ ಕಲಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು.

ಹೋದ ವಾರ ಅವನಿಗೆ ದೂರವಾಣಿ ಮಾಡಿದೆ. ಕಬಡ್ಡಿಯ ವಿಷಯ ಎತ್ತಿ, ತಪ್ಪಾಯಿತಪ್ಪಾ ಎಂದೆ. ಅವನು ನಕ್ಕ. "ಬಿಡಿ ಸಾರ್, ಮನೇಲೂ ಹಾಗೇ ಅಂತಿದ್ರು" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೆಕೊನೆಗೆ ನಂಗೂ ಹಾಗೇ ಅನ್ನಿಸ್ತಿತ್ತು ಸಾರ್, ನಾನೇ ಸೋಮಾರಿ ಇರಬೇಕು ಅಂತ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಬರೆಯಲು ಅವನ ಒಪ್ಪಿಗೆ ಕೇಳಿದೆ. ಹೆಸರು ಹಾಕಬೇಡಿ, ಬೇರೆಯವರಿಗೆ ಉಪಯೋಗವಾಗುವುದಾದರೆ ಖಂಡಿತ ಬರೆಯಿರಿ ಎಂದ. ಈಗ ಔಷಧ, ವ್ಯಾಯಾಮಗಳಿಂದ ನೋವು ಹತೋಟಿಯಲ್ಲಿದೆಯಂತೆ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಮೇಷ್ಟ್ರುಗಳು. ಆದ್ದರಿಂದ ಉಪಯೋಗದ ಒಂದೆರಡು ಮಾತು. ಹೆಚ್ಚಿನ ಬೆನ್ನುನೋವುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ, ಭಯ ಬೇಡ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ಕೂರುವ ಭಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನೊಡನೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ತಡಮಾಡಬಾರದು. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದ, ಕ್ಷಯದಿಂದ ಬರುವ ಬೆನ್ನುಮೂಳೆಯ ರೋಗ ನಮ್ಮ ದೇಶದಲ್ಲಿ ಇನ್ನೂ ಇದೆ. ಬೇಗ ತಿಳಿದರೆ ಔಷಧದಿಂದ ಗುಣವಾಗುತ್ತದೆ. ಹರೆಯದ ಮಕ್ಕಳ ಬೆನ್ನು ಮೂರು ತಿಂಗಳ ಮೇಲೂ ಬೆಳಿಗ್ಗೆ ಹಿಡಿದುಕೊಳ್ಳುತ್ತಿದ್ದರೆ ಕೀಲುರೋಗ ತಜ್ಞರಿಗೆ ತೋರಿಸಿ. ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚನೆಗಳನ್ನು ಹೊರಡಿಸಿತು. ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಅದು ಎತ್ತಿಹಿಡಿದಿದೆ. ಸೊಂಟದ ಪಟ್ಟಿ, ಎಳೆತದ ಚಿಕಿತ್ಸೆ, ಅಫೀಮಿನ ಜಾತಿಯ ಮಾತ್ರೆಗಳು ರೂಢಿಯ ಚಿಕಿತ್ಸೆಯಾಗಬಾರದು ಎಂದಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಯಾರಾದರೂ "ನೋವು" ಎಂದರೆ ಕೂತು ಕೇಳಿ. ಎಲ್ಲಿ, ಯಾವಾಗ, ಹೇಗೆ ಎಂದು ಕೇಳಿ. ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ಓದಿ ನಾನು ಕಲಿತ ಪಾಠ ಇಷ್ಟೇ. ಕಲಿಸಬೇಕಾದ ಕಾಲದಲ್ಲಿ ಕಲಿಯಲಿಲ್ಲ ಎಂಬುದೇ ನನ್ನ ನೋವು, ಅದು ಯಾವ ಸ್ಕ್ಯಾನಿನಲ್ಲಿಯೂ ಕಾಣಿಸುವುದಿಲ್ಲ.

ಹತ್ತು ನಿಮಿಷಕ್ಕೊಮ್ಮೆ ಎದ್ದು ನಡೆದಾಡುತ್ತ ಇದನ್ನು ಬರೆದು ಮುಗಿಸಲು ನಾಲ್ಕು ದಿನ ಹಿಡಿಯಿತು. ಅಜ್ಜಯ್ಯ ಈಗ ನಾನೇ.

ನಿಮ್ಮೆಲ್ಲರ ಕ್ಷೇಮವನ್ನು ಬಯಸುವ,
ನಿಮ್ಮ ಮೇಷ್ಟ್ರು